ಆರನೆಯ ಕೋಣೆಯ ತಾಪಮಾನ

ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಪುಟ್ಟ ಚೌಕ ಮೂಡಿ, ಎಷ್ಟು ಕಡೆಯಿಂದ ಅಳೆಯಬೇಕು ಎಂದು ಕೇಳಿತು. ತಂತಿ ಅಲ್ಲಿ ಐದು ಎಂದು ಒತ್ತಬೇಕಿತ್ತು. ಆರು ಎಂದು ಒತ್ತಿದ. ಆ ದಿನ ನಡೆದ ರಾದ್ಧಾಂತಕ್ಕೆಲ್ಲ ಮೂಲ ಇಷ್ಟೇ.

ತಂತಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆಳು ತೆಳ್ಳಗೆ ಉದ್ದಕ್ಕಿದ್ದ, ಕಿಸೆಯಲ್ಲಿ ಸದಾ ಒಂದು ಸುರುಳಿ ತಂತಿ ಇರುತ್ತಿತ್ತು, ಸಹೋದ್ಯೋಗಿಗಳಿಗೆ ಅಷ್ಟು ಸಾಕಾಯಿತು. ಆ ಶೀತಲ ಗೋದಾಮಿನಲ್ಲಿ ಅವನು ಒಂಬತ್ತು ವರ್ಷಗಳಿಂದ ಟೆಕ್ನೀಷಿಯನ್. ತಾತ್ಕಾಲಿಕ ಟೆಕ್ನೀಷಿಯನ್. ಕಾಯಂ ನೌಕರರು ರುಜು ಹಾಕುವ ಹಾಜರಿ ಪುಸ್ತಕಕ್ಕೆ ಕೆಂಪು ರಟ್ಟಿತ್ತು, ಅದನ್ನು ಮ್ಯಾನೇಜರ ಮೇಜಿನ ಮೇಲೆ ಇಡುತ್ತಿದ್ದರು. ತಾತ್ಕಾಲಿಕರ ಪುಸ್ತಕ ರಟ್ಟು ಕಿತ್ತುಹೋಗಿ ಗೇಟಿನ ಬಳಿ ಮೊಳೆಗೆ ನೇತಾಡುತ್ತಿತ್ತು. ಒಂಬತ್ತು ವರ್ಷಗಳಿಂದ ಅವನು ದಿನಾ ಬೆಳಿಗ್ಗೆ ಆ ಮೊಳೆಯ ಮುಂದೆ ನಿಂತು, ನೇತಾಡುವ ಪುಸ್ತಕವನ್ನು ಎಡಗೈಯಲ್ಲಿ ಹಿಡಿದುಕೊಂಡು ರುಜು ಹಾಕುತ್ತಿದ್ದ.

ಕಾಯಂ ಆಗಲು ಅಲ್ಲಿ ಇದ್ದದ್ದು ಒಂದೇ ದಾರಿ. ಗೋದಾಮಿನ ನಿಯಮದ ಪ್ರಕಾರ ಒಂದು ಕೋಣೆಗೆ ಒಬ್ಬ ಕಾಯಂ ಮೇಲ್ವಿಚಾರಕ. ಸೇಬಿಗೊಂದು, ಬೆಣ್ಣೆಗೊಂದು, ಆಲೂಗಡ್ಡೆಗೊಂದು, ಹೂವಿನ ಗೆಡ್ಡೆಗಳಿಗೊಂದು, ಮೀನಿಗೊಂದು ಎಂದು ಕೋಣೆಗಳು ಐದು, ಮೇಲ್ವಿಚಾರಕರು ಐವರು. ಐವರೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದರು. ತಂತಿ ಯಾರಿಗೂ ಕೇಡು ಬಯಸುವವನಲ್ಲ, ಆದರೆ ಅವರಲ್ಲಿ ಯಾರಾದರೂ ಕೆಮ್ಮಿದರೆ ಅವನ ತಲೆ ತಾನಾಗಿ ಅತ್ತ ತಿರುಗುತ್ತಿತ್ತು. ಇದಕ್ಕಾಗಿ ಅವನಿಗೆ ಒಳಗೊಳಗೇ ನಾಚಿಕೆಯೂ ಆಗುತ್ತಿತ್ತು.

ಇನ್ನೂ ಒಂದು ನಿಯಮವಿತ್ತು. ನಲವತ್ತು ತುಂಬಿದವರನ್ನು ಕಾಯಂ ಮಾಡುವಂತಿಲ್ಲ. ತಂತಿಗೆ ನಾಳೆ ನಲವತ್ತು ತುಂಬುತ್ತಿತ್ತು. ಹೆಂಡತಿ ಬೆಳಿಗ್ಗೆ ಊಟದ ಡಬ್ಬಿ ಕೈಗಿಡುವಾಗ, ಇವತ್ತಾದರೂ ನಾಚಿಕೊಳ್ಳದೆ ಕೇಳಿಬಿಡಿ ಎಂದು ಮೂರು ಸಲ ಹೇಳಿದ್ದಳು. ಮೂರನೆಯ ಸಲ ಹೇಳುವಾಗ ಡಬ್ಬಿಯನ್ನು ಕೊಡದೆ ಹಿಡಿದುಕೊಂಡೇ ಇದ್ದಳು. ಅವನು ಹೂಂ ಅಂದ ಮೇಲೇ ಕೊಟ್ಟದ್ದು. ಮ್ಯಾನೇಜರೂ ಒಂದು ಮಾತು ಕೊಟ್ಟಿದ್ದರು. ಇವತ್ತಿನ ತಪಾಸಣೆ ಒಂದು ಗೀರೂ ಇಲ್ಲದೆ ಮುಗಿದರೆ ನಿನ್ನ ವಿಷಯ ನಾನು ನೋಡಿಕೊಳ್ಳುತ್ತೇನೆ ಎಂದಿದ್ದರು. ಎರಡು ವರ್ಷದ ಹಿಂದಿನ ತಪಾಸಣೆಯಲ್ಲೂ ಇದನ್ನೇ ಅಂದಿದ್ದರು, ಆದರೆ ಆಗ ದನಿಯಲ್ಲಿ ಇಷ್ಟು ಅಕ್ಕರೆ ಇರಲಿಲ್ಲ.

ತಪಾಸಣೆಯ ಸುದ್ದಿಗೆ ಬರೋಣ. ಹಿಂದೆಲ್ಲ ಕಾವಲುಗಾರ ಗಂಟೆಗೊಮ್ಮೆ ಕೋಣೆಗಳ ತಾಪಮಾನ ನೋಡಿ ಪುಸ್ತಕದಲ್ಲಿ ಬರೆಯಬೇಕಿತ್ತು. ಅವನು ಒಂದು ತಿಂಗಳಿನದನ್ನು ಒಂದೇ ಸಲ ಕೂತು, ಒಂದೇ ಪೆನ್ನಿನಲ್ಲಿ ಬರೆದು ಮುಗಿಸುತ್ತಿದ್ದ. ಲೈಸೆನ್ಸು ಕೊಡುವ ಕಚೇರಿಯವರು ಇದನ್ನು ಹೇಗೋ ಮೂಸಿನೋಡಿ ಹೊಸ ಕಾನೂನು ತಂದರು. ಇನ್ನು ಮುಂದೆ ಯಂತ್ರವೇ ಅಳೆಯಬೇಕು, ಯಂತ್ರವೇ ಬರೆಯಬೇಕು, ನಡುವೆ ಒಂದು ಕ್ಷಣವೂ ನಿಲ್ಲದೆ ನಾಲ್ಕು ಗಂಟೆ ಬರೆಯಬೇಕು. ಹಾಗಾಗಿ ಗೋದಾಮಿಗೆ ಒಂದು ಲ್ಯಾಪ್‌ಟಾಪೂ ಅದರ ಪಕ್ಕೆಯಲ್ಲಿ ತೂರಿಸುವ ಒಂದು ಕಾರ್ಡೂ ಬಂದವು. ಹಳೆಯ ಲೈಸೆನ್ಸು ಇವತ್ತು ಸಂಜೆಗೆ ಮುಗಿಯುವುದರಲ್ಲಿತ್ತು.

ಕಾರ್ಡು ಇಸ್ಪೀಟಿನ ಎಲೆಯಷ್ಟು ಅಗಲ, ಎರಡು ಬಿಸ್ಕತ್ತಿನಷ್ಟು ದಪ್ಪ. ಅದರ ಬಾಲದಿಂದ ಹೊರಟ ಚಪ್ಪಟೆ ಕೇಬಲ್ಲು ಒಂದು ಪುಟ್ಟ ಪೆಟ್ಟಿಗೆಗೆ ಹೋಗುತ್ತಿತ್ತು. ಪೆಟ್ಟಿಗೆಯಲ್ಲಿ ಎಂಟು ಜೊತೆ ಸ್ಕ್ರೂಗಳು. ಒಂದೊಂದು ಕೋಣೆಯೊಳಗಿನ ಥರ್ಮಾಮೀಟರಿನಿಂದ ಬಂದ ತಂತಿಯನ್ನು ಒಂದೊಂದು ಜೊತೆಗೆ ಬಿಗಿಯಬೇಕು. ಥರ್ಮಾಮೀಟರು ಕಳಿಸುವುದು ಚಿಟಿಕೆಯಷ್ಟು ವಿದ್ಯುತ್ತು. ಕಾರ್ಡು ಅದನ್ನು ಹಿಗ್ಗಿಸಿ, ಅಂಕಿಯಾಗಿ ಮಾಡಿ ಲ್ಯಾಪ್‌ಟಾಪಿಗೆ ಒಪ್ಪಿಸುತ್ತದೆ. ಆದರೆ ಬಾಗಿಲು ಎಂಟಿದ್ದರೂ ಒಳಗೆ ಅಳೆಯುವವನು ಒಬ್ಬನೇ. ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವವನ ಹಾಗೆ ಅವನು ಒಂದನೆಯ ಬಾಗಿಲು, ಎರಡನೆಯ ಬಾಗಿಲು ಎಂದು ಸೆಕೆಂಡಿಗೆ ಹತ್ತು ಸುತ್ತು ಹಾಕುತ್ತಿರುತ್ತಾನೆ. ಯಾವುದಾದರೂ ಬಾಗಿಲಿಗೆ ತಂತಿಯೇ ಇಲ್ಲದಿದ್ದರೆ, ಬೀಗ ಹಾಕಿದ ಮನೆಯ ಮುಂದೆ ನಿಂತ ಮೀಟರಿನವನಂತೆ, ಹಿಂದಿನ ಮನೆಯಲ್ಲಿ ಓದಿ ತಲೆಯಲ್ಲಿ ಉಳಿದಿದ್ದ ಅಂಕಿಯನ್ನೇ ಬರೆದು ಮುಂದೆ ಹೋಗುತ್ತಾನೆ. ಇದು ಕಾರ್ಡಿನ ಸ್ವಭಾವ. ಅದರ ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದೂ ಇತ್ತು, ಇಡೀ ಗೋದಾಮಿನಲ್ಲಿ ಅದನ್ನು ಓದಿದ್ದವನು ತಂತಿ ಒಬ್ಬ.

ಆರನೆಯ ಥರ್ಮಾಮೀಟರನ್ನು ಹೊರಗಿನ ಓಣಿಯಲ್ಲಿ ನೇತುಹಾಕುವುದೆಂದು ಮೊದಲು ಅಂದುಕೊಂಡಿದ್ದ. ನಿನ್ನೆ ಸರಕಿನ ತಳ್ಳುಗಾಡಿ ಅದರ ಮೇಲೆ ಹರಿದು ಅದು ಚಪ್ಪಟೆಯಾಯಿತು. ಹೋಗಲಿ ಎಂದು ಬಿಟ್ಟ. ಬೆರಳು ಮಾತ್ರ ಹಳೆಯ ಲೆಕ್ಕವನ್ನು ಮರೆತಿರಲಿಲ್ಲ.

ಎಂಟು ಗಂಟೆಗೆ ಶುರುಮಾಡಿ, ಎಂಟೂಕಾಲಿಗೆ ಪರದೆ ನೋಡಿದ. ಐದು ಗೆರೆ ಇರಬೇಕಾದಲ್ಲಿ ಆರು ಇದ್ದವು. ಐದನೆಯದು ಮೀನಿನ ಕೋಣೆ, ಮೈನಸ್ ಹದಿನೆಂಟು. ಆರನೆಯದು ಅದರ ಮೈಗೆ ಮೈ ತಾಗಿಸಿಕೊಂಡು, ತಾನೂ ಮೈನಸ್ ಹದಿನೆಂಟು ಎಂದು ಸಾಗುತ್ತಿತ್ತು. ಸರಿಪಡಿಸಬೇಕಾದರೆ ನಿಲ್ಲಿಸಬೇಕು, ನಿಲ್ಲಿಸಿದರೆ ನಾಲ್ಕು ಗಂಟೆಯ ಲೆಕ್ಕ ಮತ್ತೆ ಮೊದಲಿಂದ. ತಪಾಸಣಾಧಿಕಾರಿ ಬರುವುದು ಹನ್ನೆರಡಕ್ಕೆ. ಅಷ್ಟರಲ್ಲಿ ಕಾಗದಕ್ಕೆ ಇಳಿಸುವಾಗ ಆರನೆಯ ಗೆರೆಯನ್ನು ಅಳಿಸಿಬಿಟ್ಟರಾಯಿತು ಎಂದು ತಂತಿ ಸಮಾಧಾನ ಮಾಡಿಕೊಂಡ.

ತಪಾಸಣಾಧಿಕಾರಿ ಒಂಬತ್ತಕ್ಕೇ ಬಂದರು.

ಅವರು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕನ್ನಡಕದ ಡಬ್ಬಿಯಲ್ಲಿ ಕನ್ನಡಕದ ಬದಲು ತಮ್ಮದೇ ಒಂದು ಥರ್ಮಾಮೀಟರು ಇಟ್ಟುಕೊಂಡು ಓಡಾಡುತ್ತಿದ್ದರು. ಕನ್ನಡಕ ಯಾವಾಗಲೂ ಮೂಗಿನ ಮೇಲೇ ಇರುತ್ತಿತ್ತು. ಹಿಂದೆ ಮ್ಯಾನೇಜರು, ಮ್ಯಾನೇಜರ ಹಿಂದೆ ಮೀನಿನ ಕೋಣೆಯ ಮೇಲ್ವಿಚಾರಕ. ಈತನನ್ನು ಎಲ್ಲರೂ ಮೀನಣ್ಣ ಎನ್ನುತ್ತಿದ್ದರು. ನಾಲ್ಕು ಜನ ಸುಮ್ಮನೆ ನಿಂತದ್ದನ್ನು ಕಂಡರೆ ಈತನಿಗೆ ತಡೆಯುತ್ತಿರಲಿಲ್ಲ, ನಡುವೆ ಹೋಗಿ ಏನಾದರೊಂದು ಹೇಳಲೇಬೇಕು. ಅಧಿಕಾರಿಗಳು ಪರದೆಯ ಮುಂದೆ ಬಗ್ಗಿ, ಬೆರಳಿಟ್ಟು ಒಂದೊಂದೇ ಗೆರೆಯನ್ನು ಎಣಿಸಿದರು. ಮತ್ತೆ ಕೆಳಗಿನಿಂದ ಮೇಲಕ್ಕೆ ಎಣಿಸಿದರು.

"ಆರಿದೆ. ಲೈಸೆನ್ಸಲ್ಲಿ ಐದೇ ಕೋಣೆ ಅಲ್ವಾ?"

ತಂತಿ ಮುಂದೆ ಬಂದು, ಆರನೆಯದು ನಿಜವಾದದ್ದಲ್ಲ, ಐದನೆಯದರ ನೆರಳು, ತಾನು ಕಣ್ತಪ್ಪಿನಿಂದ ಆರು ಎಂದು ಒತ್ತಿದ್ದೇ ಕಾರಣ ಎಂದು ವಿವರಿಸಿದ. ಒಳಗೆ ಅಳೆಯುವವನು ಒಬ್ಬನೇ ಎಂಬುದನ್ನೂ, ಮೀಟರು ಓದುವವನ ಉಪಮೆಯನ್ನೂ ಹೇಳಿದ. ಅಧಿಕಾರಿಗಳು ತಾಳ್ಮೆಯಿಂದ ಕೇಳಿಸಿಕೊಂಡರು.

"ಅಲ್ರೀ, ಇಲ್ಲದೇ ಇರೋ ಕೋಣೇಲಿ ಇಷ್ಟು ಕರೆಕ್ಟಾಗಿ ಮೈನಸ್ ಹದಿನೆಂಟು ಹೇಗಿರುತ್ತೆ? ಇರೋ ಕೋಣೆಗಳಲ್ಲೇ ಇರಲ್ಲ."

ತಂತಿ ಪೆಟ್ಟಿಗೆಯ ಮುಚ್ಚಳವನ್ನೇ ತೆಗೆದು ತೋರಿಸಿದ. ಐದು ಜೊತೆ ಸ್ಕ್ರೂಗಳಲ್ಲಿ ತಂತಿಗಳಿದ್ದವು, ಆರನೆಯದು ಬೋಳು. ಇನ್ನು ಯಾರೂ ಅನುಮಾನಪಡಲಾರರು ಎಂದು ಅವನಿಗೆ ಧೈರ್ಯವಿತ್ತು. ಅಧಿಕಾರಿಗಳು ಬೋಳು ಸ್ಕ್ರೂಗಳನ್ನು ನೋಡಿದರು, ಪರದೆಯ ಮೇಲೆ ಸಾಗುತ್ತಿದ್ದ ಆರನೆಯ ಗೆರೆಯನ್ನು ನೋಡಿದರು. ಅವರ ಮುಖದಲ್ಲಿ ಮೊದಲ ಸಲ ಗೌರವ ಕಾಣಿಸಿತು.

"ಓಹೋ, ಇದು ವೈರ್‌ಲೆಸ್ಸು."

"ಹೌದು ಸಾರ್, ಹೊಸದು," ಎಂದರು ಮ್ಯಾನೇಜರು, ತಂತಿಯ ಕಾಲನ್ನು ತಮ್ಮ ಬೂಟಿನ ಕೆಳಗೆ ಒತ್ತಿಕೊಂಡು.

ಮ್ಯಾನೇಜರ ಯೋಚನೆಯೂ ತಳ್ಳಿಹಾಕುವಂಥದ್ದಲ್ಲ. ಆರನೆಯ ಗೆರೆ ಸುಳ್ಳು ಎಂದು ಒಪ್ಪಿಕೊಂಡರೆ ಕಾರ್ಡು ಸುಳ್ಳು ಹೇಳುತ್ತದೆ ಎಂದಾಯಿತು. ಹಾಗಾದರೆ ಉಳಿದ ಐದನ್ನು ನಂಬುವುದು ಹೇಗೆ? ಸಂಜೆಗೆ ಲೈಸೆನ್ಸು ಹೋಗುತ್ತದೆ. ಕಾರ್ಡು ನಿಜ ಎಂದು ಒಪ್ಪಿಕೊಂಡರೆ ಒಂದು ಕೋಣೆ ಹೆಚ್ಚಾಗುತ್ತದೆ ಅಷ್ಟೇ. ಒಂದು ಕೋಣೆಯನ್ನು ಹೇಗಾದರೂ ಹೊಂದಿಸಬಹುದು ಎಂದು ಅವರಿಗೆ ತೋರಿತು.

ಅಧಿಕಾರಿಗಳು, ಹಾಗಾದರೆ ಆ ಆರನೆಯ ಕೋಣೆ ಎಲ್ಲಿದೆ ಎಂದು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಆ ಮೌನ ಮೀನಣ್ಣನಿಗೆ ಸಹಿಸಲಾಗಲಿಲ್ಲ.

"ಇದೆಯಲ್ಲ ಸಾರ್, ಹಿಂದ್ಗಡೆ."

ಹಾಗೆ ಹೇಳಿದ ಮೇಲೆ ಮೀನಣ್ಣನಿಗೇ ಗಾಬರಿಯಾಯಿತು. ಆದರೆ ಅವನು ಹೇಳಿದ್ದರಲ್ಲಿ ಒಂದು ಆಧಾರವಿತ್ತು. ಮೀನಿನ ಕೋಣೆ ಉಳಿದವುಗಳ ಎರಡರಷ್ಟು ಉದ್ದ. ಅದಕ್ಕೆ ಒಳ ಓಣಿಯ ಕಡೆ ಒಂದು ಬಾಗಿಲು, ಲಾರಿಗಳು ಬಂದು ನಿಲ್ಲುವ ಹಿಂಬದಿಯ ಕಟ್ಟೆಯ ಕಡೆ ಇನ್ನೊಂದು. ನಡುವೆ ಮೀನಿನ ಪೆಟ್ಟಿಗೆಗಳನ್ನು ಈ ಗೋಡೆಯಿಂದ ಆ ಗೋಡೆಯವರೆಗೆ, ಸೂರು ಮುಟ್ಟುವಂತೆ ಪೇರಿಸಿದ್ದ. ಈಚೆ ನಿಂತವರಿಗೆ ಆಚೆಯದು ಕಾಣುತ್ತಿರಲಿಲ್ಲ. ಪೆಟ್ಟಿಗೆಗಳ ಆಚೆ ಮೀನಣ್ಣ ಮಧ್ಯಾಹ್ನದ ಹೊತ್ತು ಏನು ಮಾಡುತ್ತಿದ್ದ ಎಂದು ಯಾರೂ ಕೇಳಿರಲಿಲ್ಲ, ಅಷ್ಟು ಚಳಿಯಲ್ಲಿ ಮಾಡಲು ಹೆಚ್ಚೇನೂ ಇರಲಾರದು.

ಮ್ಯಾನೇಜರು ಅಧಿಕಾರಿಗಳನ್ನು ಮೊದಲು ಸೇಬು ನೋಡಲು ಕರೆದೊಯ್ದರು. ಹೋಗುವಾಗ ತಂತಿಯ ಕಿವಿಯಲ್ಲಿ, ಪೆಟ್ಟಿಗೆಗೆ ನಂಬರು ಹಾಕುವ ನೀಲಿ ಶಾಯಿಯಿಂದ ಹಿಂಬದಿಯ ಬಾಗಿಲ ಮೇಲೆ ಆರು ಎಂದು ಬರೆ, ದೊಡ್ಡದಾಗಿ ಬರೆ ಎಂದರು. ತಂತಿ ತನಗೆ ಇದು ಸರಿಕಾಣುವುದಿಲ್ಲ ಎಂದ. ಮ್ಯಾನೇಜರು ನಿಂತು ಅವನ ಮುಖ ನೋಡಿದರು.

"ನಾಳೆ ನಿನಗೆ ಎಷ್ಟು ತುಂಬುತ್ತಯ್ಯ?"

ತಂತಿ ಹೋಗಿ ಶಾಯಿಯ ಡಬ್ಬಿ ತಂದ. ಬರೆಯುವಾಗ ಆರರ ಹೊಟ್ಟೆಯನ್ನು ಎರಡು ಸಲ ತೀಡಿ ದುಂಡಗೆ ಮಾಡಿದ. ಬರೆದು ಮುಗಿಸಿ ಹಿಂದೆ ಸರಿದು ನೋಡಿದ. ಇಲ್ಲದ ಕೋಣೆಗೆ ಇಷ್ಟು ಚೆಂದದ ಅಂಕಿ ಬರೆದದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಸೇಬು, ಬೆಣ್ಣೆ, ಆಲೂಗಡ್ಡೆ, ಗೆಡ್ಡೆ ಮುಗಿದು ಮೀನಿಗೆ ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಒಳ ಓಣಿಯ ಬಾಗಿಲಿನಿಂದ ಐದನೆಯ ಕೋಣೆಯನ್ನು ಹೊಕ್ಕ ಅಧಿಕಾರಿಗಳು ಕನ್ನಡಕದ ಡಬ್ಬಿ ತೆರೆದು ಥರ್ಮಾಮೀಟರು ಹಿಡಿದರು. ಮೈನಸ್ ಹದಿನೆಂಟು. ತಲೆದೂಗಿದರು. ಪೆಟ್ಟಿಗೆಗಳ ರಾಶಿಯಲ್ಲಿ ಎದೆಮಟ್ಟದಲ್ಲಿದ್ದ ಒಂದು ಪೆಟ್ಟಿಗೆಯ ಬದಿ ಹರಿದು, ಒಂದು ಮಾರುದ್ದದ ಮೀನಿನ ತಲೆ ಹೊರಗೆ ಬಂದಿತ್ತು. ಅದು ಬಾಯಿ ತೆರೆದುಕೊಂಡು ಅಧಿಕಾರಿಗಳನ್ನೇ ನೋಡುತ್ತಿತ್ತು. ಅವರು ಅದನ್ನು ಪುಸ್ತಕದಲ್ಲಿ ಗುರುತುಮಾಡಿಕೊಂಡರು.

ಆಮೇಲೆ ಎಲ್ಲರೂ ಹೊರಗೆ ಬಂದು, ಕಟ್ಟಡಕ್ಕೆ ಅರ್ಧ ಸುತ್ತು ಹಾಕಿ, ಲಾರಿಕಟ್ಟೆ ಹತ್ತಿ, ಆರು ಎಂದು ಬರೆದಿದ್ದ ಬಾಗಿಲ ಮುಂದೆ ನಿಂತರು. ಅಧಿಕಾರಿಗಳ ತೋಳು ತಾಗಿ ಅಂಗಿಗೆ ನೀಲಿ ಮೆತ್ತಿಕೊಂಡಿತು. ಈಗ ತಾನೇ ಬರೆದ ಹಾಗಿದೆಯಲ್ಲ ಎಂದು ಅವರು ಕೇಳಿದ್ದಕ್ಕೆ ಮ್ಯಾನೇಜರು, ತಾವು ಬರುತ್ತೀರೆಂದೇ ಹೊಸದಾಗಿ ಬರೆಸಿದೆವು ಎಂದರು. ಅಧಿಕಾರಿಗಳಿಗೆ ಇದು ಹಿಡಿಸಿತು. ಒಳಗೆ ಹೋಗಿ ಥರ್ಮಾಮೀಟರು ಹಿಡಿದರು. ಮೈನಸ್ ಹದಿನೆಂಟು. ಎದುರಿಗೆ ಪೆಟ್ಟಿಗೆಗಳ ರಾಶಿ. ಎದೆಮಟ್ಟದಲ್ಲಿ ಒಂದು ಪೆಟ್ಟಿಗೆ ಹರಿದು, ಒಂದು ದೊಡ್ಡ ಮೀನಿನ ಬಾಲ ಹೊರಗೆ ಬಂದಿತ್ತು.

ಮೀನಣ್ಣ ಸೂರು ನೋಡತೊಡಗಿದ. ಅಧಿಕಾರಿಗಳು ಬಾಲದ ಹತ್ತಿರ ಹೋದರು, ಬೆರಳಿನಿಂದ ಮುಟ್ಟಿದರು, ಬಹಳ ಹೊತ್ತು ಏನೋ ನೆನಪು ಮಾಡಿಕೊಳ್ಳುವವರಂತೆ ನಿಂತರು. ಆಮೇಲೆ ಪುಸ್ತಕ ತೆಗೆದು, ಐದು ಮತ್ತು ಆರು ಎರಡೂ ಕೋಣೆಗಳಲ್ಲಿ ಪೆಟ್ಟಿಗೆಗಳನ್ನು ಸರಿಯಾಗಿ ಮುಚ್ಚುತ್ತಿಲ್ಲ ಎಂದು ಬರೆದುಕೊಂಡರು.

ಲ್ಯಾಪ್‌ಟಾಪಿನ ಬಳಿಗೆ ಹಿಂತಿರುಗಿದಾಗ ಇನ್ನೊಂದು ಗಂಡಾಂತರ ಕಾದಿತ್ತು. ಹಿಂಬದಿಯ ಬಾಗಿಲು ತೆರೆದಿದ್ದ ಐದು ನಿಮಿಷದಲ್ಲಿ ಕೋಣೆ ಸ್ವಲ್ಪ ಬೆಚ್ಚಗಾಗಿ ಐದನೆಯ ಗೆರೆ ಏರಿತ್ತು, ಅದರ ಜೊತೆಗೇ ಆರನೆಯದೂ ಏರಿತ್ತು. ಅಧಿಕಾರಿಗಳು ಹುಬ್ಬು ಗಂಟಿಕ್ಕಿದರು. ನಾವು ತೆರೆದದ್ದು ಆರರ ಬಾಗಿಲು, ಐದರ ಬಾಗಿಲು ಮುಚ್ಚಿತ್ತು, ಐದು ಯಾಕೆ ಏರಬೇಕು ಎಂದು ಕೇಳಿದರು. ಸಿಕ್ಕಿಬಿದ್ದೆವು ಎಂದು ತಂತಿಗೆ ಅನ್ನಿಸಿತು. ಆಶ್ಚರ್ಯವೆಂದರೆ ಆ ಕ್ಷಣ ಅವನಿಗೆ ಹಾಯೆನಿಸಿತು. ಇನ್ನು ಸುಳ್ಳು ಹೇಳುವ ಕಷ್ಟವಿಲ್ಲ, ಎಲ್ಲ ಹೇಳಿ ಕೈತೊಳೆದುಕೊಳ್ಳಬಹುದು ಎಂದು ಬಾಯಿ ತೆರೆದ.

ಅಷ್ಟರಲ್ಲಿ ಅಧಿಕಾರಿಗಳೇ ಉತ್ತರ ಕಂಡುಕೊಂಡರು. ಎರಡು ಕೋಣೆಗಳ ನಡುವಿನ ಗೋಡೆ ತೆಳುವಾಗಿದೆ, ಬಿಸಿ ಸೋರುತ್ತಿದೆ, ಮೂರು ತಿಂಗಳೊಳಗೆ ಗಟ್ಟಿಮಾಡಿಸಬೇಕು. ಮ್ಯಾನೇಜರು ಮೂರು ತಿಂಗಳು ಯಾಕೆ ಸಾರ್, ಒಂದೇ ತಿಂಗಳಲ್ಲಿ ಮಾಡಿಸುತ್ತೇವೆ ಎಂದು ಮಾತು ಕೊಟ್ಟರು.

ಹನ್ನೆರಡು ಹೊಡೆಯಿತು. ನಾಲ್ಕು ಗಂಟೆ ಒಂದು ಕ್ಷಣವೂ ನಿಲ್ಲದೆ ಆರು ಗೆರೆಗಳು ಬಂದಿದ್ದವು. ಅಧಿಕಾರಿಗಳು ಮ್ಯಾನೇಜರ ಕೋಣೆಯಲ್ಲಿ ಕೂತು, ಇಷ್ಟು ಶಿಸ್ತಿನ ಗೋದಾಮನ್ನು ಇತ್ತೀಚೆಗೆ ನೋಡಿಲ್ಲ ಎಂದರು. ಅದರಲ್ಲೂ ಆ ಆರನೆಯ ಕೋಣೆ ಎಂದರು. ಐದು ಕೋಣೆಗಳ ಲೈಸೆನ್ಸಿಗೆ ಅಲ್ಲೇ ರುಜು ಹಾಕಿ, ಆರನೆಯದಕ್ಕೆ ಬೇರೆ ಕಾಗದ ತೆಗೆದರು.

"ಇದು ಯಾವಾಗಿಂದ ನಡೀತಾ ಇದೆ?"

ಇವತ್ತು ಬೆಳಿಗ್ಗೆಯಿಂದ ಎಂದರೆ ಅಷ್ಟು ಮೀನು ಅಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆ ಏಳುತ್ತಿತ್ತು. ಮ್ಯಾನೇಜರು ಎರಡು ವರ್ಷ ಎಂದರು.

"ಎರಡು ವರ್ಷ. ಸರಿ. ಇದರ ಮೇಲ್ವಿಚಾರಕರು ಯಾರು?"

ಮ್ಯಾನೇಜರು ಐದು ನಿಮಿಷ ಸಮಯ ಕೇಳಿ ಪಕ್ಕದ ಕೋಣೆಗೆ, ಟೈಪಿಸ್ಟ್ ಮೇಡಂ ಬಳಿಗೆ ಹೋದರು. ನಿಯಮಗಳ ಪುಸ್ತಕದಲ್ಲಿ ಯಾವ ಮಾತು ಯಾವ ಪುಟದಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವರು ಅಲ್ಲಿ ಆಕೆಯೊಬ್ಬರೇ. ಅರೆತೆರೆದ ಬಾಗಿಲಿನಿಂದ ಪಿಸುಮಾತು ಕೇಳುತ್ತಿತ್ತು. ಮೀನಣ್ಣ ತನಗೆ ಎರಡೆರಡು ಕೋಣೆ ಅಂಟಿಸಿಬಿಟ್ಟಾರೆಂದು ಹೆದರಿ, ಲಾರಿ ಬಂದ ಹಾಗಿದೆ ಎಂದು ಎದ್ದುಹೋದ. ಲಾರಿ ಬಂದಿರಲಿಲ್ಲ.

ಮ್ಯಾನೇಜರು ಹಿಂತಿರುಗಿದಾಗ ಮುಖ ಊರಗಲವಾಗಿತ್ತು. ನೇರ ತಂತಿಯ ಬಳಿಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಒಂಬತ್ತು ವರ್ಷಗಳಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು, ಬೂಟಿನದ್ದು ಬಿಟ್ಟರೆ.

"ಇವರೇ ಸಾರ್ ಆರನೇ ಕೋಣೆ ಮೇಲ್ವಿಚಾರಕರು. ಕಾಯಂ."

ಅಧಿಕಾರಿಗಳು ನೇಮಕದ ಆದೇಶ ಕೇಳಿದರು. ಮ್ಯಾನೇಜರು, ಹಳೆಯದು ಎಲ್ಲೋ ಸೇರಿಹೋಗಿದೆ, ಇನ್ನೊಂದು ಪ್ರತಿ ಟೈಪು ಮಾಡಿಸುತ್ತಿದ್ದೇವೆ ಎಂದರು. ಎರಡೇ ನಿಮಿಷದಲ್ಲಿ ಟೈಪಿಸ್ಟ್ ಮೇಡಂ ಹಾಳೆ ತಂದರು. ಕೋಣೆ ಎರಡು ವರ್ಷದಿಂದ ಇದ್ದರೆ ಮೇಲ್ವಿಚಾರಕನೂ ಎರಡು ವರ್ಷದಿಂದಲೇ ಇರಬೇಕಲ್ಲ ಎಂದು ಅಧಿಕಾರಿಗಳು ಸೂಚಿಸಿದರು. ತಾರೀಖೂ ಹಾಗೆಯೇ ಇತ್ತು. ಮೇಡಂ ಅದನ್ನು ಮೊದಲೇ ಯೋಚಿಸಿದ್ದರು.

ತಂತಿ ಹಾಳೆ ಹಿಡಿದುಕೊಂಡು ಓದಿದ. ತನ್ನ ಪೂರ್ತಿ ಹೆಸರು, ಅದರ ಮುಂದೆ ಕಾಯಂ ಎಂಬ ಎರಡಕ್ಷರ. ಅದೂ ಮೂವತ್ತೆಂಟನೆಯ ವಯಸ್ಸಿನಿಂದ. ಎರಡು ವರ್ಷದ ಹಿರಿತನ ಸುಮ್ಮನೆ ಸಿಕ್ಕಿತ್ತು, ಕಳೆದ ವರ್ಷ ತನ್ನನ್ನು ದಾಟಿ ಸೇರಿದ ಬೆಣ್ಣೆಯ ಮೇಲ್ವಿಚಾರಕ ಈಗ ತನಗಿಂತ ಕಿರಿಯ. ಅವನಿಗೆ ಖುಷಿಯಾಯಿತು. ಇಲ್ಲದ ಕೋಣೆಗೆ ಮೇಲ್ವಿಚಾರಕನಾಗುವುದು ಮೋಸವಲ್ಲವೇ ಎಂದು ನಾಚಿಕೆಯಾಯಿತು. ಊಟದ ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ ಹೆಂಡತಿಯ ಕೈ ನೆನಪಾಗಿ ಮತ್ತೆ ಖುಷಿಯಾಯಿತು. ಕಣ್ಣಲ್ಲಿ ನೀರು ಬರುವ ಮುಂಚೆ ರುಜು ಹಾಕಿಬಿಡೋಣ ಎಂದು ಪೆನ್ನು ತೆಗೆದು ಹಾಕಿದ. ಮೇಜಿನ ಮೇಲೆ ಚಪ್ಪಟೆಯಾಗಿಟ್ಟ ಹಾಳೆಗೆ ಆ ಕಚೇರಿಯಲ್ಲಿ ಅವನು ರುಜು ಹಾಕಿದ್ದು ಅದೇ ಮೊದಲು.

ಅಧಿಕಾರಿಗಳು ಅವನ ಕೈಕುಲುಕಿ ಅಭಿನಂದಿಸಿದರು. ಆಮೇಲೆ ಟೈಪಿಸ್ಟ್ ಮೇಡಂ ಕಡೆ ಕೈಚಾಚಿದರು. ಮೇಡಂ ಎರಡನೆಯ ಹಾಳೆಯನ್ನು ಕೊಟ್ಟರು. ಅದನ್ನೂ ಅವರು ಆಗಲೇ ಟೈಪು ಮಾಡಿ ತಂದಿದ್ದರು.

"ಇದು ನೋಟಿಸು," ಎಂದರು ಅಧಿಕಾರಿಗಳು ಅದೇ ಮೆಲುದನಿಯಲ್ಲಿ. "ಎರಡು ವರ್ಷದಿಂದ ಲೈಸೆನ್ಸ್ ಇಲ್ಲದೆ ಆರನೇ ಕೋಣೆ ನಡೆಸಿದ್ದಕ್ಕೆ. ವಿಚಾರಣೆ ಮುಗಿಯೋ ತನಕ ನೀವು ಅಮಾನತಲ್ಲಿರ್ತೀರಿ. ಬೇಜಾರು ಮಾಡ್ಕೋಬೇಡಿ, ನಿಯಮ ಹಾಗಿದೆ."

ನನಗ್ಯಾಕೆ ಎಂದು ತಂತಿ ಕೇಳಿದ. ಲೈಸೆನ್ಸಿಲ್ಲದ ಕೋಣೆಗೆ ಅದರ ಕಾಯಂ ಮೇಲ್ವಿಚಾರಕನೇ ಹೊಣೆ, ಕಾಯಂ ಮೇಲ್ವಿಚಾರಕನಿಲ್ಲದಿದ್ದರೆ ಮ್ಯಾನೇಜರು ಹೊಣೆ, ತಾತ್ಕಾಲಿಕ ನೌಕರನನ್ನು ಅಮಾನತು ಮಾಡಲು ಅವಕಾಶವೇ ಇಲ್ಲ ಎಂದು ಟೈಪಿಸ್ಟ್ ಮೇಡಂ ಪುಟದ ಸಂಖ್ಯೆ ಸಮೇತ ತಿಳಿಸಿದರು. ಮ್ಯಾನೇಜರು ಕಿಟಕಿಯಿಂದಾಚೆ ನೋಡುತ್ತಿದ್ದರು.

"ಸಾರ್, ಆ ಕೋಣೆನೇ ಇಲ್ಲ," ಎಂದ ತಂತಿ. "ಬನ್ನಿ, ಆ ಪೆಟ್ಟಿಗೆಗಳನ್ನ ತೆಗೆಸಿ ತೋರಿಸ್ತೀನಿ. ಅದು ಒಂದೇ ಮೀನು."

ಅಧಿಕಾರಿಗಳಿಗೆ ಸಿಟ್ಟು ಬರಲಿಲ್ಲ. ಅವನನ್ನು ಕುರ್ಚಿಯ ಮೇಲೆ ಕೂರಿಸಿದರು.

"ಬರವಣಿಗೇಲಿ ಕೊಡಿ. ಕೋಣೆ ಇಲ್ಲ ಅಂತ ಸಾಬೀತಾದ್ರೆ ನೋಟಿಸು ರದ್ದಾಗುತ್ತೆ. ಕೋಣೆನೇ ಇಲ್ಲದ ಮೇಲೆ ಮೇಲ್ವಿಚಾರಕರ ಹುದ್ದೆನೂ ಇರಲ್ಲ, ಆ ಆದೇಶನೂ ರದ್ದಾಗುತ್ತೆ. ಯಾವುದು ಬೇಕು ನೀವೇ ನೋಡ್ಕೊಳ್ಳಿ. ವಿಚಾರಣೆಗೆ ಆರೇಳು ತಿಂಗಳಾದ್ರೂ ಹಿಡಿಯುತ್ತೆ."

ನಾಳೆ ನಲವತ್ತು. ತಂತಿ ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು, ನಾಲ್ಕಾಗಿ ಮಡಚಿ, ತಂತಿಯ ಸುರುಳಿಯಿದ್ದ ಕಿಸೆಯಲ್ಲಿ ಇಟ್ಟುಕೊಂಡ.

ಅಧಿಕಾರಿಗಳು ಲಾರಿಕಟ್ಟೆಗೆ ಹೋಗಿ ಆರನೆಯ ಕೋಣೆಯ ಬಾಗಿಲಿಗೆ ಅರಗಿನ ಮೊಹರು ಹಾಕಿಸಿದರು. ವಿಚಾರಣೆ ಮುಗಿಯುವವರೆಗೆ ಯಾರೂ ತೆರೆಯುವಂತಿಲ್ಲ. ಇನ್ನು ಮೇಲೆ ಮೀನನ್ನೆಲ್ಲ ಕಟ್ಟಡ ಸುತ್ತಿಕೊಂಡು ಒಳ ಓಣಿಯಿಂದ ಹೊರಬೇಕೆಂದು ತಿಳಿದು ಮೀನಣ್ಣ ತಲೆಯ ಮೇಲೆ ಕೈಹೊತ್ತು ಕಟ್ಟೆಯಲ್ಲಿ ಕೂತ. ಹೊರಡುವ ಮುಂಚೆ ಅಧಿಕಾರಿಗಳು ಕೊನೆಯ ಸೂಚನೆ ಕೊಟ್ಟರು. ಮೊಹರು ಹಾಕಿದ ಕೋಣೆಯಲ್ಲಿರುವ ಸರಕು ಕೆಡಬಾರದು, ಅದರ ತಾಪಮಾನ ಹಗಲೂ ರಾತ್ರಿ ದಾಖಲಾಗುತ್ತಿರಬೇಕು, ಆರನೆಯ ಗೆರೆ ಒಂದು ಕ್ಷಣ ನಿಂತರೂ ಹೊಸ ನೋಟಿಸು ಬರುತ್ತದೆ.

ಅವರ ಕಾರು ಗೇಟು ದಾಟಿದ ಮೇಲೆ ಮ್ಯಾನೇಜರು ತಂತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ತಮಗೆ ಇದರಿಂದ ಎಷ್ಟು ನೋವಾಗಿದೆ ಎಂದು ಹೇಳಿಕೊಂಡರು. ಆ ಕಾರ್ಡಿನ ಗುಟ್ಟು ಬಲ್ಲವನು ಇಲ್ಲಿ ಅವನೊಬ್ಬನೇ, ತಂತಿಯಿಲ್ಲದೆ ಗೆರೆ ಬರಿಸುವುದು ಬೇರೆ ಯಾರಿಗೂ ಬರುವುದಿಲ್ಲ ಎಂದು ಹೊಗಳಿದರು. ಅಮಾನತಿನಲ್ಲಿರುವ ಮೇಲ್ವಿಚಾರಕ ಗೇಟಿನೊಳಗೆ ಕಾಲಿಡುವಂತಿಲ್ಲ, ನಿಜ. ಆದರೆ ಟೆಕ್ನೀಷಿಯನ್ನಿನ ಜಾಗ ಈಗ ಖಾಲಿಯಾಗಿದೆಯಲ್ಲ. ಅದಕ್ಕೆ ಯಾರನ್ನು ಬೇಕಾದರೂ ತೆಗೆದುಕೊಳ್ಳಬಹುದು, ವಯಸ್ಸಿನ ತಕರಾರೂ ಇಲ್ಲ ಎಂದು ಟೈಪಿಸ್ಟ್ ಮೇಡಂ ಪುಟ ನೋಡಿ ಹೇಳಿದ್ದಾರೆ ಎಂದರು.

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವನು ಚಪ್ಪಲಿ ಬಿಡುವವರೆಗೂ ತಡೆದುಕೊಂಡಳು.

"ಏನಾಯ್ತು? ಕಾಯಂ ಆಯ್ತಾ?"

"ಆಯ್ತು. ಎರಡು ವರ್ಷದ ಹಿಂದೆನೇ ಆಗಿತ್ತಂತೆ."

ಅವಳಿಗೆ ಅರ್ಥವಾಗಲಿಲ್ಲ, ಆದರೂ ಮುಖ ಅರಳಿತು. ಅವನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡಳು. ಅದು ಭಾರವಾಗಿತ್ತು, ಅವನು ಊಟ ಮಾಡಿರಲಿಲ್ಲ.

"ಹಾಗಾದ್ರೆ ನಾಳೆಯಿಂದ ಕೆಂಪು ಪುಸ್ತಕಕ್ಕೆ ರುಜು?"

"ಇಲ್ಲ ಕಣೇ," ಎಂದ ತಂತಿ. "ನಾಳೆಯಿಂದ ಆ ಕಾಯಂ ಮನುಷ್ಯನ ಬದಲು ಕೆಲಸ ಮಾಡೋಕೆ ನನ್ನ ತಾತ್ಕಾಲಿಕವಾಗಿ ತಗೊಂಡಿದ್ದಾರೆ."